ಕರೆಂಟ್ ಹೋದರೂ ಫೋನು ನಿಲ್ಲಬಾರದು

ಮಕ್ಕಳೇ, ರಜೆಗೆ ಊರಿಗೆ ಹೋದಾಗ ಅಜ್ಜಿ ಮನೆಯಲ್ಲಿ ಕರೆಂಟ್ ಹೋಗುವುದನ್ನು ನೀವೆಲ್ಲ ನೋಡಿರ್ತೀರಿ. ಒಂದು ಕ್ಷಣ ಕತ್ತಲೆ. ಮೆಟ್ಟಿಲ ಕೆಳಗಿರುವ ಯುಪಿಎಸ್ ಸಣ್ಣಗೆ ಸದ್ದು ಮಾಡುತ್ತೆ, ದೀಪ ಮತ್ತೆ ಹತ್ತುತ್ತೆ. ಮನೆಯವರು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿ ಕರೆಂಟ್ ಹೋಗೋದು ಮಾಮೂಲು, ಅದಕ್ಕೇ ಮನೆಮನೆಯಲ್ಲೂ ಸಿದ್ಧತೆ ಇರುತ್ತೆ.

ಇಲ್ಲಿ ಶಿಕಾಗೊ, ಡೆಟ್ರಾಯಿಟ್ ಕಡೆ ಕರೆಂಟ್ ಹೋಗುವುದು ಕಡಿಮೆ. ಆದರೆ ಹೋದರೆ ಕೆಲವು ಸಲ ದಿನಗಟ್ಟಲೆ ಬರುವುದಿಲ್ಲ. 2023ರ ಫೆಬ್ರವರಿ 22ರಂದು ಆಗ್ನೇಯ ಮಿಶಿಗನ್‌ನಲ್ಲಿ ಮಂಜುಗಡ್ಡೆಯ ಮಳೆ ಬಿದ್ದು, ಮರದ ಕೊಂಬೆಗಳು ತಂತಿಗಳ ಮೇಲೆ ಮುರಿದುಬಿದ್ದವು. ಲಕ್ಷಗಟ್ಟಲೆ ಮನೆಗಳಲ್ಲಿ ಕರೆಂಟ್ ಹೋಯಿತು. ಎಷ್ಟೋ ಮನೆಗಳಿಗೆ ಅದು ವಾಪಸ್ ಬರಲು ಹಲವು ದಿನಗಳೇ ಹಿಡಿದವು.

ಅಂಥ ಹೊತ್ತಿನಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಫೋನು. ತಾತನಿಗೆ ಹುಷಾರಿಲ್ಲದಿದ್ದರೆ 911ಕ್ಕೆ ಕರೆ ಮಾಡಬೇಕು, ಅಪ್ಪ ಅಮ್ಮ ಎಲ್ಲಿದ್ದಾರೆ ಅಂತ ತಿಳಿಯಬೇಕು. ನಿಮ್ಮ ಕೈಯಲ್ಲಿರುವ ಫೋನಿಗೆ ಬ್ಯಾಟರಿ ಇದೆ, ಸರಿ. ಆದರೆ ಅದು ಮಾತಾಡುವ ಟವರ್‌ಗೂ ಕರೆಂಟ್ ಬೇಕಲ್ವಾ? ಟವರ್‌ನ ಹಿಂದಿರುವ ಕಂಪ್ಯೂಟರ್‌ಗಳಿಗೂ ಬೇಕಲ್ವಾ? ಹಾಗಾದರೆ, ಕರೆಂಟ್ ಹೋದ ಮೇಲೆ ಅವು ಎಷ್ಟು ಗಂಟೆ ನಡೆಯುತ್ತವೆ? ಈ ಪಾಠ ಪೂರ್ತಿ ಇದೊಂದೇ ಪ್ರಶ್ನೆಯ ಸುತ್ತ ಇದೆ.

2003ರ ಆಗಸ್ಟ್ 14

ಡೆಟ್ರಾಯಿಟ್ ಕಡೆಯ ಅಪ್ಪ ಅಮ್ಮಂದಿರಲ್ಲಿ ಕೆಲವರಿಗೆ ಈ ದಿನ ಚೆನ್ನಾಗಿ ನೆನಪಿರಬಹುದು. ಅದು ಗುರುವಾರ, ಸಂಜೆ ಸುಮಾರು 4 ಗಂಟೆ 10 ನಿಮಿಷ. ಒಹಾಯೋ ರಾಜ್ಯದಲ್ಲಿ ಬಿಸಿಯಾಗಿ ಜೋತುಬಿದ್ದ ದೊಡ್ಡ ವಿದ್ಯುತ್ ತಂತಿಗಳು ಮರಗಳಿಗೆ ತಗುಲಿ ಒಂದೊಂದಾಗಿ ನಿಂತುಹೋಗಿದ್ದವು. ಎಚ್ಚರಿಕೆ ಕೊಡಬೇಕಿದ್ದ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಕೆಟ್ಟಿತ್ತು. ಒಂದು ತಂತಿಯ ಭಾರ ಇನ್ನೊಂದರ ಮೇಲೆ ಬಿದ್ದು, ಕೊನೆಗೆ ಅಮೆರಿಕದ 8 ರಾಜ್ಯಗಳು ಮತ್ತು ಕೆನಡಾದ ಒಂಟಾರಿಯೋದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ಡೆಟ್ರಾಯಿಟ್ ಪೂರ್ತಿ ಕತ್ತಲಾಯಿತು. ನೀರಿನ ಪಂಪುಗಳು ನಿಂತು, ನಲ್ಲಿಯಲ್ಲಿ ನೀರಿನ ಒತ್ತಡ ಇಳಿಯಿತು. ನೀರು ಕಾಯಿಸಿ ಕುಡಿಯಿರಿ ಎಂದು ಜನರಿಗೆ ಹೇಳಬೇಕಾಯಿತು. ಶಿಕಾಗೊಗೆ ಮಾತ್ರ ಏನೂ ಆಗಲಿಲ್ಲ.

ಆ ದಿನ ಫೋನುಗಳ ಕಥೆ ಏನಾಯಿತು ನೋಡಿ. ಗೋಡೆಗೆ ತಂತಿಯಿಂದ ಸೇರಿಸಿದ್ದ ಹಳೆಯ ಫೋನುಗಳು ಹೆಚ್ಚಿನ ಕಡೆ ಕೆಲಸ ಮಾಡಿದವು. ಏಕೆಂದರೆ ಆ ಫೋನಿಗೆ ಕರೆಂಟ್ ಬರುವುದೇ ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ, ಅದೇ ತಂತಿಯಲ್ಲಿ. ಎಕ್ಸ್‌ಚೇಂಜ್‌ನಲ್ಲಿ ಕೋಣೆ ತುಂಬ ಬ್ಯಾಟರಿಗಳೂ ಡೀಸೆಲ್ ಜನರೇಟರೂ ಇರುತ್ತವೆ. ಮೊಬೈಲ್ ಟವರ್‌ಗಳಲ್ಲಿ ಇದ್ದದ್ದು ಹೆಚ್ಚಾಗಿ ಕೆಲವೇ ಗಂಟೆಗಳ ಬ್ಯಾಟರಿ. ಎಲ್ಲರೂ ಒಟ್ಟಿಗೆ ಕರೆ ಮಾಡಿದ್ದರಿಂದ ಮೊದಲು ಲೈನ್ ಸಿಗಲಿಲ್ಲ. ಆಮೇಲೆ ಬ್ಯಾಟರಿ ಮುಗಿದು ಅನೇಕ ಟವರ್‌ಗಳು ಸುಮ್ಮನಾದವು.

ಎರಡು ವರ್ಷದ ನಂತರ, 2005ರಲ್ಲಿ, ಕತ್ರಿನಾ ಚಂಡಮಾರುತ ಬಂದಾಗ ದಕ್ಷಿಣದ ರಾಜ್ಯಗಳಲ್ಲೂ ಹೀಗೇ ಆಯಿತು. ಆಗ ಅಮೆರಿಕದ ಸಂಪರ್ಕ ಆಯೋಗ 2007ರಲ್ಲಿ ಒಂದು ನಿಯಮ ಮಾಡಿತು: ಎಕ್ಸ್‌ಚೇಂಜ್‌ಗಳಲ್ಲಿ 24 ಗಂಟೆ, ಟವರ್‌ಗಳಲ್ಲಿ 8 ಗಂಟೆಯ ಬದಲಿ ವಿದ್ಯುತ್ ಇರಲೇಬೇಕು ಅಂತ. ಆದರೆ ಆ ನಿಯಮ ಜಾರಿಗೆ ಬರಲೇ ಇಲ್ಲ. ಮುಂದೆ 2020ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಕಾಡ್ಗಿಚ್ಚಿನ ಭಯ ಹೆಚ್ಚಿರುವ ಜಾಗಗಳಲ್ಲಿ 72 ಗಂಟೆ ಬೇಕು ಎಂದು ಹೇಳಿತು. 8 ಗಂಟೆ, 24 ಗಂಟೆ, 72 ಗಂಟೆ. ನೋಡಿದಿರಾ, ಎಲ್ಲರೂ ಜಗಳವಾಡುತ್ತಿರುವುದು ಗಂಟೆಗಳ ಬಗ್ಗೆಯೇ!

ಊಟದ ಡಬ್ಬಿ ಮತ್ತು ಅಡುಗೆಮನೆ

ಕರೆಂಟ್ ಇಲ್ಲದಾಗ ಟವರ್ ನಡೆಸಲು ಸಾಮಾನ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಬ್ಯಾಟರಿ. ಇದು ನಿಮ್ಮ ಊಟದ ಡಬ್ಬಿ ಇದ್ದ ಹಾಗೆ. ಬೆಳಿಗ್ಗೆ ತುಂಬಿಸಿದಷ್ಟೇ ಮಧ್ಯಾಹ್ನ ಸಿಗುತ್ತೆ. ಹಸಿವಾದ ತಕ್ಷಣ ಮುಚ್ಚಳ ತೆಗೆದು ತಿನ್ನಬಹುದು, ಕಾಯಬೇಕಾಗಿಲ್ಲ. ಆದರೆ ಖಾಲಿಯಾದರೆ ಮುಗೀತು. ಹೆಚ್ಚು ಹೊತ್ತಿಗೆ ಬೇಕಾದರೆ ಹೆಚ್ಚು ಡಬ್ಬಿ ಹೊರಬೇಕು. ಚಳಿಯಲ್ಲಿ ಬ್ಯಾಟರಿ ಕೊಡುವ ಶಕ್ತಿಯೂ ಕಡಿಮೆಯಾಗುತ್ತೆ. ಜನವರಿಯಲ್ಲಿ ಕಾರು ಸ್ಟಾರ್ಟ್ ಆಗದೆ ಅಪ್ಪ ಒದ್ದಾಡುವುದು ಇದೇ ಕಾರಣಕ್ಕೆ.

ಎರಡನೆಯದು ಡೀಸೆಲ್ ಜನರೇಟರ್. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಡಗಡಗ ಎನ್ನುತ್ತಲ್ಲ, ಅದೇ. ಡೀಸೆಲ್ ಹಾಕುತ್ತಾ ಇದ್ದರೆ ದಿನಗಟ್ಟಲೆ ನಡೆಯುತ್ತೆ. ಆದರೆ ಹೊಗೆ, ಸದ್ದು ಎರಡೂ ಇದೆ. ವರ್ಷಗಟ್ಟಲೆ ಸುಮ್ಮನೆ ನಿಂತ ಡೀಸೆಲ್ ಕೆಡುತ್ತೆ, ತುಂಬಾ ಚಳಿಯಲ್ಲಿ ಗಟ್ಟಿಯಾಗುತ್ತೆ. ಆಗಾಗ ಓಡಿಸಿ ನೋಡದಿದ್ದರೆ ಬೇಕಾದ ದಿನವೇ ಕೈ ಕೊಡಬಹುದು.

ಮೂರನೆಯದು ಫ್ಯೂಯಲ್ ಸೆಲ್. ಕನ್ನಡದಲ್ಲಿ ಇಂಧನ ಕೋಶ ಅನ್ನುತ್ತಾರೆ. ಇದು ಡಬ್ಬಿ ಅಲ್ಲ, ಅಡುಗೆಮನೆ. ಡಬ್ಬಿಯಲ್ಲಿ ಊಟ ಕೂಡಿಟ್ಟಿರುತ್ತೆ. ಅಡುಗೆಮನೆಯಲ್ಲಿ ಊಟ ತಯಾರಾಗುತ್ತೆ. ಮೂಟೆಯಲ್ಲಿ ಅಕ್ಕಿ ಇರುವ ತನಕ ಅಡುಗೆ ಆಗುತ್ತಲೇ ಇರುತ್ತೆ. ಫ್ಯೂಯಲ್ ಸೆಲ್ ಕೂಡ ಇಂಧನ ಬರುವ ತನಕ ಕರೆಂಟ್ ತಯಾರಿಸುತ್ತಲೇ ಇರುತ್ತೆ. ಒಳಗೆ ಬೆಂಕಿಯೂ ಇಲ್ಲ, ಡಗಡಗ ಎನ್ನುವ ಎಂಜಿನ್ನೂ ಇಲ್ಲ.

ಉತ್ತರ ಕನ್ನಡ ಪದದಲ್ಲೇ ಇದೆ

ಟವರ್‌ಗಳ ಫ್ಯೂಯಲ್ ಸೆಲ್‌ನಲ್ಲಿ ಸಾಮಾನ್ಯವಾಗಿ ಬಳಸುವ ಇಂಧನ ಹೈಡ್ರೋಜನ್. ಕನ್ನಡದಲ್ಲಿ ಇದಕ್ಕೆ ಜಲಜನಕ ಎಂದು ಹೆಸರು. ಪದವನ್ನು ಬಿಡಿಸಿ ನೋಡಿ: ಜಲ ಅಂದರೆ ನೀರು, ಜನಕ ಅಂದರೆ ಹುಟ್ಟಿಸುವವನು, ತಂದೆ. ಸೀತೆಯ ತಂದೆಯ ಹೆಸರು ನೆನಪಾಯಿತಾ? ಜಲಜನಕ ಎಂದರೆ ನೀರಿನ ತಂದೆ. ಫ್ಯೂಯಲ್ ಸೆಲ್‌ನಲ್ಲಿ ನಡೆಯುವುದು ಅಷ್ಟೇ: ಜಲಜನಕವು ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ನೀರಾಗುತ್ತೆ. ಆ ದಾರಿಯಲ್ಲಿ ನಮಗೆ ಕರೆಂಟ್ ಸಿಗುತ್ತೆ.

ಹೇಗೆ? ಫ್ಯೂಯಲ್ ಸೆಲ್‌ನ ನಡುವೆ ಒಂದು ತೆಳ್ಳನೆಯ ಪೊರೆ ಇದೆ. ಅದು ಅಡುಗೆಮನೆಯ ಜರಡಿ ಇದ್ದ ಹಾಗೆ, ಕೆಲವನ್ನು ಬಿಡುತ್ತೆ, ಕೆಲವನ್ನು ತಡೆಯುತ್ತೆ. ಒಂದು ಕಡೆಯಿಂದ ಜಲಜನಕ ಬರುತ್ತೆ. ಪೊರೆಗೆ ಹಚ್ಚಿದ ಪ್ಲಾಟಿನಂ ಎಂಬ ಲೋಹ ಜಲಜನಕದ ಪರಮಾಣುವನ್ನು ಎರಡಾಗಿ ಬಿಡಿಸುತ್ತೆ: ಪ್ರೋಟಾನ್ ಮತ್ತು ಎಲೆಕ್ಟ್ರಾನ್. ಪ್ರೋಟಾನ್‌ಗಳನ್ನು ಪೊರೆ ಒಳಗೆ ಬಿಟ್ಟುಕೊಳ್ಳುತ್ತೆ. ಎಲೆಕ್ಟ್ರಾನ್‌ಗಳಿಗೆ "ನೀವು ಈ ಕಡೆಯಿಂದ ಬರೋ ಹಾಗಿಲ್ಲ, ಸುತ್ತಿ ಬನ್ನಿ" ಅನ್ನುತ್ತೆ. ಪಾಪ, ಅವು ಹೊರಗಿನ ತಂತಿಯಲ್ಲಿ ಸುತ್ತಿಕೊಂಡು ಹೋಗುತ್ತವೆ. ತಂತಿಯಲ್ಲಿ ಎಲೆಕ್ಟ್ರಾನ್‌ಗಳ ಓಟವನ್ನೇ ಅಲ್ವಾ ನಾವು ಕರೆಂಟ್ ಅನ್ನೋದು? ಕೊನೆಗೆ ಆಚೆ ಬದಿಯಲ್ಲಿ ಪ್ರೋಟಾನ್, ಎಲೆಕ್ಟ್ರಾನ್, ಆಮ್ಲಜನಕ ಮೂರೂ ಸೇರಿ ನೀರಾಗಿ ಹೊರಬರುತ್ತವೆ. 1 ಕಿಲೋ ಜಲಜನಕದಿಂದ ಸುಮಾರು 9 ಲೀಟರ್ ನೀರು!

ಇದು ಹೊಸ ವಿಷಯವೇನಲ್ಲ. 1839ರಲ್ಲೇ ವೇಲ್ಸ್‌ನ ವಿಲಿಯಂ ಗ್ರೋವ್ ಇದನ್ನು ಮಾಡಿ ತೋರಿಸಿದ್ದರು. ಅವರು ವೃತ್ತಿಯಲ್ಲಿ ವಕೀಲರು! 1965ರಲ್ಲಿ ಅಮೆರಿಕದ ಜೆಮಿನಿ 5 ಗಗನನೌಕೆ ಫ್ಯೂಯಲ್ ಸೆಲ್‌ನಿಂದ ನಡೆಯಿತು. ಚಂದ್ರನ ಹತ್ತಿರ ಹೋದ ಅಪೋಲೋ ಯಾನಿಗಳು ತಮ್ಮ ಫ್ಯೂಯಲ್ ಸೆಲ್‌ನಲ್ಲಿ ಹುಟ್ಟಿದ ನೀರನ್ನೇ ಕುಡಿದರು. 1966ರಲ್ಲಿ ಡೆಟ್ರಾಯಿಟ್‌ನ ಜನರಲ್ ಮೋಟರ್ಸ್ ಕಂಪನಿ 'ಎಲೆಕ್ಟ್ರೋವ್ಯಾನ್' ಎಂಬ ಗಾಡಿ ಮಾಡಿತು. ಟ್ಯಾಂಕು, ಪೈಪುಗಳೇ ತುಂಬಿ, ಆ ವ್ಯಾನಿನಲ್ಲಿ ಇಬ್ಬರು ಕೂರಲು ಮಾತ್ರ ಜಾಗ ಉಳಿದಿತ್ತು.

ಒಂದು ಲೆಕ್ಕ ಮಾಡೋಣ

ಪೆನ್ಸಿಲ್ ತೆಗೆದುಕೊಳ್ಳಿ. ನಮ್ಮ ಲೆಕ್ಕಕ್ಕೆ ಒಂದು ಟವರ್‌ಗೆ 2 ಕಿಲೋವ್ಯಾಟ್ ಬೇಕು ಎಂದು ಇಟ್ಟುಕೊಳ್ಳೋಣ.

ಟೆಲಿಫೋನ್ ಉಪಕರಣಗಳು ಸಾಮಾನ್ಯವಾಗಿ 48 ವೋಲ್ಟ್‌ನಲ್ಲಿ ನಡೆಯುತ್ತವೆ. ಕೆಲಸ ಮಾಡುತ್ತಿರುವ ಒಂದು ಫ್ಯೂಯಲ್ ಸೆಲ್ ಕೊಡುವುದು ಸುಮಾರು 0.7 ವೋಲ್ಟ್. 48 ಅನ್ನು 0.7ರಿಂದ ಭಾಗಿಸಿದರೆ ಸುಮಾರು 69. ಅಂದರೆ ದೋಸೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ 69 ಸೆಲ್‌ಗಳನ್ನು ಜೋಡಿಸಬೇಕು.

ಇನ್ನು ಇಂಧನ. 1 ಕಿಲೋ ಜಲಜನಕದಲ್ಲಿ ಸುಮಾರು 33 ಯೂನಿಟ್ ಶಕ್ತಿ ಇದೆ. (ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, 1 ಕಿಲೋವ್ಯಾಟ್ 1 ಗಂಟೆ ಉರಿದರೆ 1 ಯೂನಿಟ್.) ಫ್ಯೂಯಲ್ ಸೆಲ್ ಇದರಲ್ಲಿ ಸುಮಾರು ಅರ್ಧವನ್ನು ಕರೆಂಟ್ ಮಾಡುತ್ತೆ, ಉಳಿದದ್ದು ಶಾಖವಾಗುತ್ತೆ. ಹಾಗಾಗಿ ಕಿಲೋಗೆ 16 ಯೂನಿಟ್. ಆಳೆತ್ತರದ ಒಂದು ಉಕ್ಕಿನ ಸಿಲಿಂಡರ್‌ನಲ್ಲಿ ಹಿಡಿಯುವುದು ಸುಮಾರು 0.6 ಕಿಲೋ ಮಾತ್ರ, ಏಕೆಂದರೆ ಜಲಜನಕ ತುಂಬಾ ಹಗುರ. ಒಂದು ಸಿಲಿಂಡರ್‌ಗೆ ಸುಮಾರು 10 ಯೂನಿಟ್ ಆಯಿತು. ನಮ್ಮ ಟವರ್ 5 ಗಂಟೆ ನಡೆಯುತ್ತೆ. 8 ಸಿಲಿಂಡರ್ ಇಟ್ಟರೆ 40 ಗಂಟೆ.

ಅದೇ 40 ಗಂಟೆಗೆ ಸೀಸದ ಬ್ಯಾಟರಿ ಇಟ್ಟರೆ ಎರಡು ಟನ್‌ಗಿಂತ ಹೆಚ್ಚು ತೂಕ ಬೇಕಾಗುತ್ತೆ. ಆದರೆ ಬರೀ ಅರ್ಧ ಗಂಟೆಗೆ ಸಾಕು ಅಂದರೆ? ಆಗ ಬ್ಯಾಟರಿಯೇ ಸಲೀಸು, ಅಗ್ಗ. ಒಂದು ಹೊತ್ತಿನ ಊಟಕ್ಕೆ ಯಾರೂ ಅಡುಗೆಮನೆ ಕಟ್ಟಿಸೋದಿಲ್ಲ ಅಲ್ವಾ? ಕಡಿಮೆ ಗಂಟೆಗಳಿಗೆ ಡಬ್ಬಿ, ಹೆಚ್ಚು ಗಂಟೆಗಳಿಗೆ ಅಡುಗೆಮನೆ. ಎರಡೂ ಒಟ್ಟಿಗೇ ಇರುವುದು ಇನ್ನೂ ಒಳ್ಳೆಯದು. ಫ್ಯೂಯಲ್ ಸೆಲ್ ಎಚ್ಚರಗೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಒಂದು ಸಣ್ಣ ಬ್ಯಾಟರಿ ಟವರ್ ಅನ್ನು ನೋಡಿಕೊಳ್ಳುತ್ತೆ.

ಇದು ಪುಸ್ತಕದ ಲೆಕ್ಕ ಮಾತ್ರ ಅಲ್ಲ. ಸ್ಪ್ರಿಂಟ್ ಎಂಬ ಫೋನ್ ಕಂಪನಿ 2005ರಿಂದ ತನ್ನ ಟವರ್‌ಗಳ ಪಕ್ಕ ಫ್ಯೂಯಲ್ ಸೆಲ್ ಇಡಲು ಶುರುಮಾಡಿತ್ತು. 2009ರಲ್ಲಿ ಅಮೆರಿಕದ ಇಂಧನ ಇಲಾಖೆ ಆ ಕಂಪನಿಗೆ ಸಹಾಯಧನ ಕೊಟ್ಟಿತು. 72 ಗಂಟೆ ನಡೆಸಬೇಕು ಎನ್ನುವುದು ಆ ಯೋಜನೆಯ ಗುರಿ. ನ್ಯೂಯಾರ್ಕ್ ಹತ್ತಿರದ ಗಾರ್ಡನ್ ಸಿಟಿಯಲ್ಲಿ ವೆರೈಜನ್ ಕಂಪನಿ 2005ರಲ್ಲಿ ಒಂದು ಟೆಲಿಫೋನ್ ಕೇಂದ್ರಕ್ಕೆ ಏಳು ದೊಡ್ಡ ಫ್ಯೂಯಲ್ ಸೆಲ್‌ಗಳನ್ನು ಹಾಕಿತು.

ಕಂಪ್ಯೂಟರ್‌ಗಳ ಮನೆ

ಟವರ್‌ನಿಂದ ಮುಂದೆ ನಮ್ಮ ಮಾತು, ಚಿತ್ರ, ವಿಡಿಯೋ ಎಲ್ಲ ಹೋಗುವುದು ಡೇಟಾ ಸೆಂಟರ್‌ಗಳಿಗೆ. ಶಿಕಾಗೊದಲ್ಲಿ 350 ಈಸ್ಟ್ ಸರ್ಮ್ಯಾಕ್ ಎಂಬ ದೊಡ್ಡ ಹಳೆಯ ಕಟ್ಟಡ ಇದೆ. ಮೊದಲು ಅದು ಆರ್. ಆರ್. ಡಾನೆಲಿ ಕಂಪನಿಯ ಮುದ್ರಣಾಲಯ. ಟೆಲಿಫೋನ್ ಡೈರೆಕ್ಟರಿಗಳು, ಸಿಯರ್ಸ್ ಅಂಗಡಿಯ ಕ್ಯಾಟಲಾಗ್‌ಗಳು ಅಲ್ಲಿ ಅಚ್ಚಾಗುತ್ತಿದ್ದವು. ಭಾರದ ಯಂತ್ರಗಳನ್ನು ಹೊರಲು ಕಟ್ಟಿದ ಗಟ್ಟಿ ನೆಲದ ಮೇಲೆ ಈಗ ಸಾಲುಸಾಲು ಕಂಪ್ಯೂಟರ್‌ಗಳು ನಿಂತಿವೆ. ಇದು ಜಗತ್ತಿನ ಅತಿ ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಒಂದು. ಇಲ್ಲಿ ಕರೆಂಟ್ ಹೋದರೆ ಮೊದಲು ಬ್ಯಾಟರಿ, ಕೂಡಲೇ ಡೀಸೆಲ್ ಜನರೇಟರ್‌ಗಳು.

ಈ ಡೀಸೆಲ್‌ನ ಜಾಗದಲ್ಲಿ ಫ್ಯೂಯಲ್ ಸೆಲ್ ಕೂರಬಹುದಾ? ಪ್ರಯತ್ನಗಳು ನಡೆದಿವೆ. 1999ರಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲಿ ಒಂದು ಬ್ಯಾಂಕ್ ತನ್ನ ಕಂಪ್ಯೂಟರ್ ಕೇಂದ್ರಕ್ಕೆ ನಾಲ್ಕು ಫ್ಯೂಯಲ್ ಸೆಲ್ ಹಾಕಿತು. 2020ರಲ್ಲಿ ಮೈಕ್ರೋಸಾಫ್ಟ್ ಕಂಪನಿ 250 ಕಿಲೋವ್ಯಾಟ್‌ನ ಜಲಜನಕ ಫ್ಯೂಯಲ್ ಸೆಲ್‌ನಿಂದ ಒಂದು ಸಾಲು ಕಂಪ್ಯೂಟರ್ ಕಪಾಟುಗಳನ್ನು 48 ಗಂಟೆ ಬಿಡದೆ ನಡೆಸಿತು. ಇಲಿನಾಯ್‌ನ ಪಿಯೋರಿಯಾದಲ್ಲಿ ಬಹುಕಾಲ ಮುಖ್ಯ ಕಚೇರಿ ಹೊಂದಿದ್ದ ಕ್ಯಾಟರ್‌ಪಿಲ್ಲರ್ ಕಂಪನಿ, ಮೈಕ್ರೋಸಾಫ್ಟ್ ಮತ್ತು ಬಲ್ಲಾರ್ಡ್ ಜೊತೆ ಸೇರಿ ವಯೋಮಿಂಗ್‌ನ ಶಾಯಾನ್‌ನಲ್ಲಿ ಇಂಥದ್ದೇ 48 ಗಂಟೆಗಳ ಪರೀಕ್ಷೆ ಮಾಡಿ, 2024ರ ಜನವರಿಯಲ್ಲಿ ಪ್ರಕಟಿಸಿತು. ಅದು ನೀರು ಹೆಪ್ಪುಗಟ್ಟುವ ಚಳಿಯಲ್ಲಿ ನಡೆದ ಪರೀಕ್ಷೆ. ನಮ್ಮಂಥ ಚಳಿಯ ಊರಿನವರಿಗೆ ಇದು ಮುಖ್ಯ, ಏಕೆಂದರೆ ಫ್ಯೂಯಲ್ ಸೆಲ್‌ನಲ್ಲಿ ಹುಟ್ಟುವುದೇ ನೀರು. ಅದು ಒಳಗೇ ಹೆಪ್ಪುಗಟ್ಟಿದರೆ ಪೊರೆ ಹಾಳಾಗುತ್ತೆ.

ಇನ್ನೊಂದು ಜಾಣತನ ಕೇಳಿ. ಕೆ. ಆರ್. ಶ್ರೀಧರ್ ಎಂಬ ವಿಜ್ಞಾನಿ ತಿರುಚಿರಾಪಳ್ಳಿಯಲ್ಲಿ ಓದಿ, ಮುಂದೆ ನಮ್ಮ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದವರು. ಮಂಗಳ ಗ್ರಹದಲ್ಲಿ ಆಮ್ಲಜನಕ ತಯಾರಿಸುವ ಯಂತ್ರವೊಂದನ್ನು ನಾಸಾಗಾಗಿ ರೂಪಿಸುತ್ತಿದ್ದರು. ಅದನ್ನೇ ತಿರುವುಮುರುವು ಮಾಡಿದರೆ ಕರೆಂಟ್ ಬರುತ್ತಲ್ಲ ಎಂದು ಯೋಚಿಸಿ, ಬ್ಲೂಮ್ ಎನರ್ಜಿ ಕಂಪನಿ ಕಟ್ಟಿದರು. ಇವು ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದಿಂದ ನಡೆಯಬಲ್ಲವು. 2013ರಲ್ಲಿ ಯೂಟಾ ರಾಜ್ಯದ ಇಬೇ ಡೇಟಾ ಸೆಂಟರ್‌ನಲ್ಲಿ ಬ್ಲೂಮ್ ಪೆಟ್ಟಿಗೆಗಳೇ ದಿನನಿತ್ಯದ ಕರೆಂಟ್ ಕೊಟ್ಟವು, ಊರಿನ ಕರೆಂಟ್ ಬದಲಿಯಾಗಿ ಕೂತಿತು!

ಹಾಗಾದರೆ ಎಲ್ಲ ಕಡೆ ಯಾಕಿಲ್ಲ?

ಒಳ್ಳೆಯ ಪ್ರಶ್ನೆ. ಕಾರಣಗಳು ಹಲವು.

ಒಂದು, ಬೆಲೆ. ಪ್ಲಾಟಿನಂ ದುಬಾರಿ ಲೋಹ. ಅದನ್ನು ಕಡಿಮೆ ಬಳಸುವುದು ಹೇಗೆ ಎಂಬ ಸಂಶೋಧನೆ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ನಡೆಯುತ್ತದೆ. ಎಲ್ಲಿದೆ ಗೊತ್ತಾ? ನಾವು ದೇವರ ದರ್ಶನಕ್ಕೆ ಹೋಗುವ ಲೆಮಾಂಟ್‌ನಲ್ಲೇ! ಡೆಟ್ರಾಯಿಟ್ ಹತ್ತಿರದ ಬ್ರೌನ್ಸ್‌ಟೌನ್‌ನಲ್ಲಿ ಜನರಲ್ ಮೋಟರ್ಸ್ ಮತ್ತು ಹೋಂಡಾ ಸೇರಿ 2024ರ ಜನವರಿಯಲ್ಲಿ ಫ್ಯೂಯಲ್ ಸೆಲ್ ತಯಾರಿಕೆ ಆರಂಭಿಸಿದವು. ಆದರೆ 2025ರಲ್ಲಿ ಜನರಲ್ ಮೋಟರ್ಸ್, ಮುಂದಿನ ಪೀಳಿಗೆಯ ಫ್ಯೂಯಲ್ ಸೆಲ್ ರೂಪಿಸುವ ಕೆಲಸ ನಿಲ್ಲಿಸುವುದಾಗಿ ಹೇಳಿತು. ಜಲಜನಕ ದುಬಾರಿ, ಅದು ಸಿಗುವ ಬಂಕುಗಳೂ ಕಡಿಮೆ ಎನ್ನುವುದು ದೊಡ್ಡ ತೊಡಕು.

ಎರಡು, ಜಲಜನಕ ಎಲ್ಲಿಂದ ಬರುತ್ತೆ? ಇಂದು ಹೆಚ್ಚಿನ ಪಾಲು ನೈಸರ್ಗಿಕ ಅನಿಲದಿಂದ ತೆಗೆದದ್ದು. ಆಗ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತೆ. ಟವರ್ ಬಳಿ ಹೊಗೆ ಇಲ್ಲ ಎಂದಮಾತ್ರಕ್ಕೆ ಹೊಗೆಯೇ ಇಲ್ಲ ಎಂದಲ್ಲ. ಬಿಸಿಲು, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ಜಲಜನಕ ಮಾಡಿದರೆ ಮಾತ್ರ ಅದು ನಿಜವಾಗಿ ಸ್ವಚ್ಛ.

ಮೂರು, ಸುರಕ್ಷತೆ. ಜಲಜನಕಕ್ಕೆ ವಾಸನೆ ಇಲ್ಲ, ಅದರ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಆದರೆ ಸೋರಿದರೆ ಬೇಗ ಮೇಲಕ್ಕೆ ಹೋಗಿ ಚದುರುತ್ತೆ. ಅದಕ್ಕೇ ಸಿಲಿಂಡರ್‌ಗಳನ್ನು ಗಾಳಿಯಾಡುವ ಕಡೆ, ಸೋರಿಕೆ ಪತ್ತೆಮಾಡುವ ಸಾಧನದ ಜೊತೆ ಇಡುತ್ತಾರೆ.

ನಾಲ್ಕು, ಇಂಧನವೂ ತಪ್ಪಿಹೋಗಬಹುದು. 2019ರ ಜನವರಿ 30ರಂದು ಶಿಕಾಗೊದ ಒಹೇರ್‌ನಲ್ಲಿ ಸೊನ್ನೆಗಿಂತ 23 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಚಳಿ. ಅದೇ ದಿನ ಮಿಶಿಗನ್‌ನ ಮಕೋಂಬ್ ಕೌಂಟಿಯಲ್ಲಿ ಅನಿಲವನ್ನು ಪೈಪುಗಳಿಗೆ ತಳ್ಳುವ ಕೇಂದ್ರವೊಂದಕ್ಕೆ ಬೆಂಕಿ ಬಿತ್ತು. ಮನೆಯ ಬಿಸಿಯನ್ನು 65 ಡಿಗ್ರಿಗೆ ಇಳಿಸಿ ಎಂದು ರಾತ್ರಿ ಜನರ ಫೋನುಗಳಿಗೆ ತುರ್ತು ಸಂದೇಶ ಬಂತು. ಜನ ಇಳಿಸಿದರು, ಅನಿಲ ಸಾಕಾಯಿತು. ಇದರಲ್ಲಿ ಎರಡು ಪಾಠಗಳಿವೆ. ಪೈಪನ್ನೇ ನಂಬಿದ ಫ್ಯೂಯಲ್ ಸೆಲ್‌ಗೂ ಪೈಪು ನಿಂತರೆ ಕಷ್ಟ. ಮತ್ತು, ಆ ರಾತ್ರಿ ಟವರ್‌ಗಳು ನಡೆಯುತ್ತಿದ್ದದ್ದರಿಂದಲೇ ಆ ಮಾತು ಎಲ್ಲರಿಗೂ ತಲುಪಿತು.

ಅಡುಗೆಮನೆ ಎಷ್ಟೇ ಚೆನ್ನಾಗಿದ್ದರೂ ಅಕ್ಕಿ ಮೂಟೆ ತುಂಬಿದೆಯೇ ಎಂದು ಮೊದಲೇ ನೋಡಿಕೊಂಡಿರಬೇಕು.

ಮನೆಯಲ್ಲಿ ಮಾಡಿ ನೋಡಿ (ದೊಡ್ಡವರ ಜೊತೆ ಮಾತ್ರ)

ಬೇಕಾದದ್ದು: ಒಂದು ಲೋಟ ನೀರು, ಒಂದು ಚಮಚ ಅಡುಗೆ ಸೋಡಾ, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್, ಕ್ಲಿಪ್ ಇರುವ ಎರಡು ತಂತಿ, 9 ವೋಲ್ಟ್‌ನ ಬ್ಯಾಟರಿ, ಮಲ್ಟಿಮೀಟರ್. ಅಡುಗೆ ಉಪ್ಪು ಹಾಕಲೇಬೇಡಿ, ಅದರಿಂದ ಕ್ಲೋರಿನ್ ಎಂಬ ಕೆಟ್ಟ ಅನಿಲ ಬರುತ್ತೆ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಬೆಂಕಿ ಬೇಡ.

1. ನೀರಿಗೆ ಸೋಡಾ ಹಾಕಿ ಕಲಸಿ. ಪೆನ್ಸಿಲ್‌ಗಳ ಕೆಳ ತುದಿ ನೀರಿನಲ್ಲಿರಲಿ, ಒಂದಕ್ಕೊಂದು ತಾಕದಿರಲಿ.
2. ಮೇಲಿನ ತುದಿಗಳನ್ನು ತಂತಿಯಿಂದ ಬ್ಯಾಟರಿಗೆ ಸೇರಿಸಿ, ಎರಡು ನಿಮಿಷ ಬಿಡಿ. ಎರಡೂ ಕಡೆ ಗುಳ್ಳೆ ಬರುತ್ತವೆ. ಮೈನಸ್ ಕಡೆ ಹೆಚ್ಚು, ಅದೇ ಜಲಜನಕ.
3. ಬ್ಯಾಟರಿ ತೆಗೆದು, ಅದೇ ತಂತಿಗಳನ್ನು ಮಲ್ಟಿಮೀಟರ್‌ಗೆ ಕೊಡಿ. ಬ್ಯಾಟರಿ ಇಲ್ಲದಿದ್ದರೂ ವೋಲ್ಟ್ ಕಾಣುತ್ತೆ! ಗುಳ್ಳೆಗಳು ಖರ್ಚಾದಂತೆ ಅದು ಇಳಿಯುತ್ತಾ ಬರುತ್ತೆ.

ಗ್ರೋವ್ 1839ರಲ್ಲಿ ಕಂಡದ್ದನ್ನು ನೀವೂ ಕಂಡಿರಿ.

ಪದಗಳು

ಇಂಧನ: ಶಕ್ತಿ ಕೊಡುವ ವಸ್ತು. ಸೌದೆ, ಡೀಸೆಲ್, ಜಲಜನಕ ಎಲ್ಲವೂ ಇಂಧನ.
ಆಮ್ಲಜನಕ: ನಾವು ಉಸಿರಾಡುವ ಗಾಳಿಯಲ್ಲಿ ನಮಗೆ ಬೇಕಾದ ಭಾಗ.
ಪೊರೆ: ತೆಳ್ಳನೆಯ ಹಾಳೆಯಂಥ ಪದರ. ಹಾವು ಬಿಡುವುದೂ ಪೊರೆಯೇ.
ಬದಲಿ ವಿದ್ಯುತ್: ಊರಿನ ಕರೆಂಟ್ ಹೋದಾಗ ನೆರವಿಗೆ ಬರುವ ವಿದ್ಯುತ್.

ಪ್ರಶ್ನೆಗಳು

1. ಜಲಜನಕ ಎಂಬ ಪದವನ್ನು ಬಿಡಿಸಿ ಅರ್ಥ ಬರೆಯಿರಿ. "ಜನಕ" ಬರುವ ಇನ್ನೊಂದು ಪದ ಹುಡುಕಿ.
2. ಬ್ಯಾಟರಿಗೂ ಫ್ಯೂಯಲ್ ಸೆಲ್‌ಗೂ ಏನು ವ್ಯತ್ಯಾಸ? ಊಟದ ಡಬ್ಬಿ ಬಿಟ್ಟು ನಿಮ್ಮದೇ ಹೋಲಿಕೆ ಕೊಡಿ.
3. ನಮ್ಮ ಲೆಕ್ಕದ ಟವರ್ 48 ಗಂಟೆ ನಡೆಯಲು ಎಷ್ಟು ಸಿಲಿಂಡರ್ ಬೇಕು? (ಉತ್ತರ: 10)
4. ಅಪ್ಪ ಅಮ್ಮನ ಜೊತೆ: ನಿಮ್ಮ ಮನೆಯ ಇಂಟರ್ನೆಟ್ ಪೆಟ್ಟಿಗೆಗೆ ಬ್ಯಾಟರಿ ಇದೆಯೇ? ಕರೆಂಟ್ ಹೋದರೆ ಎಷ್ಟು ಗಂಟೆ ನಡೆಯುತ್ತೆ? ಮನೆಯ ಫೋನು ಅದರ ಮೂಲಕವೇ ಬರುತ್ತಿದ್ದರೆ ಅದೂ ನಿಲ್ಲುತ್ತೆ, ಮರೆಯಬೇಡಿ. ಮುಖ್ಯ ನಂಬರ್‌ಗಳನ್ನು ಒಂದು ಕಾಗದದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಕನ್ನಡ ಅಂಕಿಗಳಲ್ಲಿ ಬರೆದರೆ ಇನ್ನೂ ಸಂತೋಷ!